ಒಂದೇ ಬೆಲೆ

ನಮ್ಮ ಮನೆಗೆ ಮುಂಬಾಗಿಲು ಇರಲಿಲ್ಲ, ಶಟರ್ ಇತ್ತು. ಗಲ್ಫಿನ ಇಬ್ರಾ ಎಂಬ ಊರಿನ ಸೂಕಿನ, ಅಂದರೆ ಪೇಟೆಯ, ಹಿಂದಿನ ಸಾಲಿನಲ್ಲಿ ಒಂದು ಕಡೆ ಚಪ್ಪಲಿ ಅಂಗಡಿ, ಇನ್ನೊಂದು ಕಡೆ ಜೇನು ಮಾರುವ ಮುದುಕ, ನಡುವೆ ಅಪ್ಪನ ಬಟ್ಟೆ ಅಂಗಡಿ. ಅಂಗಡಿಯ ಹಿಂದೆ ಒಂದು ದಪ್ಪ ಪರದೆ, ಪರದೆಯ ಹಿಂದೆ ನಾವು ಮೂವರು. ಶಾಲೆಯ ವ್ಯಾನಿನಿಂದ ಇಳಿದು ಮನೆ ಸೇರಬೇಕಾದರೆ ನಾನು ಗಿರಾಕಿಗಳ ಕರಿ ಅಬಾಯಾ ನಿಲುವಂಗಿಗಳ ಸಂದಿಯಲ್ಲಿ ನುಸುಳಿಕೊಂಡು ಹೋಗಬೇಕಿತ್ತು. ಅದೂ ಬ್ಯಾಗು ಯಾರಿಗೂ ತಾಗದ ಹಾಗೆ, ಮುಖದಲ್ಲಿ ನಗು ಇಟ್ಟುಕೊಂಡು. ಒಳಕೋಣೆ ರಾತ್ರಿ ನಮ್ಮ ಮಲಗುವ ಕೋಣೆ, ಹಗಲು ಹೆಂಗಸರ ಕೋಣೆ. ಬೆಳಿಗ್ಗೆ ಅಮ್ಮ ಹಾಸಿಗೆಗಳನ್ನು ಸುತ್ತಿ ಗೋಡೆಗೆ ಒರಗಿಸಿ, ಮೇಲೆ ಕೆಂಪು ಜಮಖಾನ ಹೊದಿಸಿದರೆ ಅದು ಕೂರುವ ಪೀಠವಾಗುತ್ತಿತ್ತು. ಶ್ರೀಮಂತರ ಮನೆಯ ಹೆಂಗಸರೂ ಅದರ ಮೇಲೆ ಕೂತು ಬಟ್ಟೆ ಆರಿಸುತ್ತಿದ್ದರು. ಅದು ನಾನು ಹಿಂದಿನ ರಾತ್ರಿ ಮಲಗಿದ್ದ ಹಾಸಿಗೆ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ಗೊತ್ತಿದ್ದರೂ ತೋರಿಸಿಕೊಳ್ಳದಷ್ಟು ಮರ್ಯಾದಸ್ಥರು.

ಹೆಂಗಸರ ಅಳತೆಯನ್ನು ಗಂಡಸು ತೆಗೆಯುವ ಹಾಗಿಲ್ಲ. ಹಾಗಾಗಿ ಅಂಗಡಿ ಅಪ್ಪನದು, ಒಳಕೋಣೆ ಅಮ್ಮನದು. ಹೊರಗೆ ಬಟ್ಟೆ ನೋಡಿದ ಗಿರಾಕಿ ಪರದೆ ಸರಿಸಿ ಒಳಗೆ ಬಂದು ಮುಖದ ಬಟ್ಟೆ ತೆಗೆದು ಉಸ್ಸೆಂದು ಕೂರುತ್ತಿದ್ದಳು. ಅಮ್ಮ ಫ್ಲಾಸ್ಕಿನಿಂದ ಏಲಕ್ಕಿ ಹಾಕಿದ ಕಹಿ ಕಾಫಿಯನ್ನು ಪುಟ್ಟ ಕಪ್ಪಿಗೆ ಬಗ್ಗಿಸಿ, ಖರ್ಜೂರದ ತಟ್ಟೆ ಮುಂದಿಟ್ಟು, ಬೆರಳು ತೊಳೆಯಲು ನೀರು ಕೊಟ್ಟು, ಆಮೇಲಷ್ಟೇ ಟೇಪು ಹಿಡಿಯುತ್ತಿದ್ದಳು. ಯಾರ ಮಗಳು ಬಸುರಿ, ಯಾರ ಮೊಣಕಾಲು ನೋವು, ಯಾರಿಗೆ ಯಾವ ಬಣ್ಣ ಕಂಡರೆ ಆಗದು, ಎಲ್ಲ ಅವಳಿಗೆ ಬಾಯಿಪಾಠ. ಷಲ್ವಾರಿನ ಕಾಲಂಚಿಗೆ ಕಸೂತಿ ಪಟ್ಟಿ ಹೊಲಿದು ಕೊಡುವುದಕ್ಕೆ ದುಡ್ಡಿಲ್ಲ. ದಪ್ಪಗಾದರೆ ಬಿಚ್ಚಿ ಸಡಿಲ ಮಾಡುವುದಕ್ಕೂ ದುಡ್ಡಿಲ್ಲ. ಮೊದಲ ಮಗುವಿನ ಹೆಸರು ಹಿಡಿದು ತಾಯಿಯನ್ನು ಕರೆಯುವುದು ಅಲ್ಲಿನ ಕ್ರಮ. ಅವರ ಬಾಯಲ್ಲಿ ಅಮ್ಮ ಜಲಜಾಕ್ಷಿಯಲ್ಲ, ಉಮ್ ವಾಣಿ, ಅಂದರೆ ವಾಣಿಯ ತಾಯಿ. ನಾನು ಏನೂ ಕಡಿದು ಗುಡ್ಡೆ ಹಾಕದೆ ಆ ಸೂಕಿನಲ್ಲಿ ಹೆಸರುವಾಸಿಯಾಗಿದ್ದೆ.

ಇದಕ್ಕೆಲ್ಲ ಬೆಲೆ ತೆತ್ತದ್ದು ನಮ್ಮ ಅಡುಗೆಮನೆ. ಬಟ್ಟೆಗೆ ಮೀನಿನ ವಾಸನೆ ಹಿಡಿದರೆ ಮುಗಿಯಿತು. ಆದ್ದರಿಂದ ಮಧ್ಯಾಹ್ನ ಸೂಕು ಮುಚ್ಚುವ ತನಕ ಬಂಗುಡೆ ಮಸಾಲೆ ಮೆತ್ತಿಕೊಂಡು ಫ್ರಿಜ್ಜಿನಲ್ಲಿ ಕಾಯಬೇಕು. ಶಟರ್ ಅರ್ಧ ಇಳಿದ ಸದ್ದು ಕೇಳಿದ ಮೇಲೆ ಎಣ್ಣೆ ಕಾಯಿಸುವುದು, ಹಿಂದಿನ ಕಿಟಕಿ ತೆರೆದು ಫ್ಯಾನು ಹಾಕುವುದು, ಉಂಡು ಕೈ ತೊಳೆದ ಕೂಡಲೇ ಮೂರೂ ಕೋಣೆಗೆ ಲೋಬಾನದ ಹೊಗೆ. ನನ್ನ ಬಾಲ್ಯದ ಮೀನಿಗೆಲ್ಲ ಲೋಬಾನದ ರುಚಿ ಇತ್ತು. ಅಪ್ಪ ಸಿಟ್ಟು ಬಂದರೆ ತುಳು ಮಾತಾಡುತ್ತಿದ್ದರು, ಲೆಕ್ಕಕ್ಕೆ ಹಿಂದಿ, ಗಿರಾಕಿಗೆ ಅರಬಿ, ನನಗೆ ಮಾತ್ರ ಹಟ ಹಿಡಿದು ಕನ್ನಡ. ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಅವರಿಗೆ ಆಗುತ್ತಿರಲಿಲ್ಲ. ನಾಳೆ ಊರಿಗೆ ಹೋಗಬೇಕಾಗಿ ಬಂದರೆ ಕನ್ನಡ ಶಾಲೆಯೇ ಗತಿ ಎನ್ನುತ್ತಿದ್ದರು. ಊರು ಎಂದರೆ ಮೂಲ್ಕಿಯ ಹತ್ತಿರ ದೊಡ್ಡಪ್ಪನ ಮನೆಯ ಹೊರಕೋಣೆ. ಆ ಹೆದರಿಕೆಯನ್ನು ಅಪ್ಪ ತಮಾಷೆಯಂತೆ ಹೇಳುತ್ತಿದ್ದರು. ಅಮ್ಮ ಒಂದು ಸಲವೂ ನಗಲಿಲ್ಲ.

ಅಪ್ಪನ ವ್ಯಾಪಾರ ಹೀಗೆ: ಎರಡು ರಿಯಾಲಿಗೆ ತಂದ ಬಟ್ಟೆಗೆ ಐದು ಹೇಳುವುದು. ಗಿರಾಕಿ ಎದೆಗೆ ಕೈ ಇಟ್ಟುಕೊಂಡು “ಘಾಲಿ!”, ಅಂದರೆ ದುಬಾರಿ, ಎನ್ನುವುದು. ಅಪ್ಪ ನಾಲ್ಕೂವರೆ ಎನ್ನುವುದು. ಅವಳು ಎದ್ದು ಬಾಗಿಲ ತನಕ ಹೋಗುವುದು, ಅಲ್ಲಿ ನಿಂತು “ಆಖಿರ್ ಕಮ್?”, ಕೊನೆಗೆ ಎಷ್ಟು, ಎಂದು ಕೇಳುವುದು. ಅಪ್ಪ ಕಣ್ಣು ಮುಚ್ಚಿ, ವಲ್ಲಾಹಿ ನನಗೆ ನಷ್ಟ, ಎಂದು ಆಣೆ ಹಾಕಿ ಮೂರೂವರೆಗೆ ಇಳಿಯುವುದು. ಶಟರಿನ ಹಿಂದಿನ ಗೂಡಿನಲ್ಲಿದ್ದ ನಮ್ಮ ಗಣಪತಿ ಇದನ್ನೆಲ್ಲ ಕೇಳಿಸಿಕೊಂಡು ಸುಮ್ಮನಿರುತ್ತಿದ್ದ. ಉಮ್ ಸಾಲಿಮ್ ಎಂಬ ಮುದುಕಿ ಈ ಆಟದಲ್ಲಿ ಎಲ್ಲರಿಗಿಂತ ಗಟ್ಟಿ. ಅವಳು ಮೂರು ಸಲ ಬಾಗಿಲ ತನಕ ಹೋಗಿ ಬರುತ್ತಿದ್ದಳು, ಒಂದು ಸಲವಂತೂ ಕಾರು ಹತ್ತಿ ಕೂತು ವಾಪಸ್ಸು ಇಳಿದಿದ್ದಳು. ಗೆದ್ದ ಮೇಲೆ ಒಳಗೆ ಬಂದು ಅಮ್ಮನ ಮುಂದೆ, ನಿನ್ನ ಗಂಡನನ್ನು ಇವತ್ತು ಬೋಳಿಸಿಬಿಟ್ಟೆ, ಎಂದು ಖುಷಿಯಿಂದ ಕಾಫಿ ಕುಡಿಯುತ್ತಿದ್ದಳು. ಅಮ್ಮ ಪಾಪ ಎನ್ನುವ ಮುಖ ಮಾಡುತ್ತಿದ್ದಳು. ನಾನೊಮ್ಮೆ ಊಟಕ್ಕೆ ಕೂತಾಗ, ಎರಡರ ವಸ್ತುವಿಗೆ ಮೂರೂವರೆ ತೆಗೆದುಕೊಳ್ಳುವುದು ಮೋಸ ಅಲ್ಲವಾ ಎಂದು ಕೇಳಿದೆ. ಶಾಲೆಯಲ್ಲಿ ಲಾಭ-ನಷ್ಟದ ಪಾಠ ಆಗಿತ್ತು, ಅದರ ಪಿತ್ತ ಏರಿತ್ತು. ಅಪ್ಪ ಬಂಗುಡೆಯ ಮುಳ್ಳು ಬಿಡಿಸುತ್ತ ಹೇಳಿದರು:

“ಆ ಒಂದೂವರೆಯಲ್ಲಿ ಎಂತೆಲ್ಲ ಉಂಟು ನೋಡು. ಅಂಗಡಿ ಬಾಡಿಗೆ ಉಂಟು, ಕಫೀಲನ ಪಾಲುಂಟು, ನಿನ್ನಮ್ಮನ ಕಾಫಿ ಖರ್ಜೂರ ಉಂಟು, ನಿನ್ನ ವ್ಯಾನುಂಟು. ಈಗ ನೀನು ತಿನ್ನುವ ಈ ಮೀನೂ ಅದರೊಳಗೇ ಉಂಟು. ಮೋಸ ಅಂತ ಅನಿಸಿದ್ರೆ ಬಟ್ಟಲಲ್ಲಿ ಬಿಡು, ನಾನು ತಿಂತೇನೆ.”

ನಾನು ಬಿಡಲಿಲ್ಲ. ಕಫೀಲ್ ಎಂದರೆ ಅಂಗಡಿಯ ಪರವಾನಗಿ ಯಾರ ಹೆಸರಿನಲ್ಲಿತ್ತೋ ಆ ಊರಿನ ಯಜಮಾನರು. ಅಪ್ಪನ ವೀಸಾ ಅವರ ಕೈಯಲ್ಲಿ, ನಮ್ಮಿಬ್ಬರ ವೀಸಾ ಅಪ್ಪನ ಕೈಯಲ್ಲಿ. ಅಂಗಡಿ ನಿಂತರೆ ಮನೆ ನಿಂತಿತು, ಅಂಗಡಿ ಬಿದ್ದರೆ ವಿಮಾನ. ಇಷ್ಟು ನನಗೆ ಮೂರನೆಯ ಕ್ಲಾಸಿಗೇ ಅರ್ಥವಾಗಿತ್ತು.

ಹೆದ್ದಾರಿಯ ರೌಂಡ್‌ಅಬೌಟಿನ ಪಕ್ಕ ಹೈಪರ್‌ಮಾರ್ಕೆಟ್ ತೆರೆದ ವಾರ ನಾವೂ ನೋಡಲು ಹೋದೆವು. ಒಳಗೆ ಊಟಿಯಷ್ಟು ತಂಪು. ತಳ್ಳುವ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಇಡೀ ಇಬ್ರಾ ಅಲ್ಲಿ ತಿರುಗುತ್ತಿತ್ತು. ನಮ್ಮ ಗಿರಾಕಿಗಳೇ ಎದುರಾಗಿ, ಕದ್ದು ಸಿಕ್ಕಿಬಿದ್ದವರ ಹಾಗೆ ನಕ್ಕು, ಅಮ್ಮನ ಕೆನ್ನೆಗೆ ಕೆನ್ನೆ ತಾಗಿಸಿ ಮುಂದೆ ಹೋದರು. ಮಹಡಿಯ ಮೇಲೆ ಬಟ್ಟೆಯ ವಿಭಾಗ. ಪ್ರತಿಯೊಂದಕ್ಕೂ ಬೆಲೆಯ ಚೀಟಿ. ಅಪ್ಪ ಒಂದೊಂದನ್ನೇ ಮಗುಚಿ ಓದಿದರು. ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಇದು ನಮ್ಮ ದುಬೈ ಮಾಲೇ, ಎಂದರು. ಅಲ್ಲಿ ಮೂರೂಕಾಲು. ನಮ್ಮ ಕೊನೆಯ ಬೆಲೆಗಿಂತ ಕಾಲು ರಿಯಾಲು ಕಡಿಮೆ. ಮನೆಗೆ ಬಂದು ಅವರು ಊಟ ಮಾಡಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ನಮ್ಮ ಅಂಗಡಿ ಹೇಗೆ ಖಾಲಿಯಾಯಿತೆಂದರೆ, ಶಾಲೆಯಿಂದ ಬಂದವಳು ನಾನು ನೇರ ಓಡಿ ಪರದೆ ಸೇರಬಹುದಾಗಿತ್ತು, ಬ್ಯಾಗು ತಾಗಲು ಯಾರೂ ಇರಲಿಲ್ಲ. ಅಮ್ಮ ಫ್ಲಾಸ್ಕಿನ ಕಾಫಿಯನ್ನು ಸಂಜೆ ಬಚ್ಚಲಿಗೆ ಚೆಲ್ಲುತ್ತಿದ್ದಳು. ಒಂದು ದಿನ ಕಫೀಲ್ ಬಂದು, ಬಹಳ ಹೊತ್ತು ಎಲ್ಲರ ಆರೋಗ್ಯ ವಿಚಾರಿಸಿ, ಹೋಗುವಾಗ ಹೇಳಿದರು: ಮಗ ಮೊಬೈಲ್ ಅಂಗಡಿ ಇಡಬೇಕೆನ್ನುತ್ತಿದ್ದಾನೆ, ಈದ್ ಕಳೆಯಲಿ, ವ್ಯಾಪಾರ ಹೀಗೇ ಇದ್ದರೆ ಖಲಾಸ್. ಅಷ್ಟು ಮೆತ್ತಗೆ ಹೇಳಿದರೆಂದರೆ, ಅಪ್ಪ ಶುಕ್ರನ್ ಎಂದು ಕೃತಜ್ಞತೆ ಹೇಳಿ ಅವರನ್ನು ಕಾರಿನ ತನಕ ಬಿಟ್ಟು ಬಂದರು.

ಆಗ ಅಪ್ಪನ ತಲೆಗೆ ಆ ಉಪಾಯ ಹೊಳೆಯಿತು. ವಿನಾಶಕಾಲೇ ವಿಪರೀತ ಬುದ್ಧಿ ಎನ್ನುತ್ತಾರಲ್ಲ, ಹಾಗೆ. ದೊಡ್ಡ ಅಂಗಡಿ ಮೂರೂಕಾಲಿಗೆ ಮಾರಿದರೆ ನಾವು ಮೂರಕ್ಕೆ ಮಾರುವುದು. ಚೌಕಾಸಿ ಇಲ್ಲ, ಆಣೆ ಪ್ರಮಾಣ ಇಲ್ಲ, ಚೀಟಿ ನೋಡು, ಕೊಡು, ಒಯ್ಯು. ಆ ಅರ್ಧ ರಿಯಾಲಿನ ಗುಂಡಿ ತುಂಬಲು ಕಾಫಿ ಖರ್ಜೂರ ನಿಲ್ಲಿಸುವುದು, ಕಾಲಂಚು ಹೊಲಿಯುವುದಕ್ಕೆ ಬೇರೆ ದುಡ್ಡು. ಒಂದು ಶುಕ್ರವಾರ ಇಡೀ ದಿನ ನಾವು ಮೂವರೂ ಕೂತು ಬಟ್ಟೆಗಳಿಗೆ ಚೀಟಿ ಚುಚ್ಚಿದೆವು. ಅಂದವಾದ ಅಂಕಿ ಬರೆಯುವುದು ನನ್ನ ಕೆಲಸ. ಅಪ್ಪ ಅಷ್ಟು ಹುರುಪಿನಲ್ಲಿದ್ದುದನ್ನು ನಾನು ಕಂಡಿರಲಿಲ್ಲ. ಇಷ್ಟು ವರ್ಷ ಹೇಳಿದ ಸುಳ್ಳೆಲ್ಲ ಇವತ್ತಿಗೆ ಮುಗಿಯಿತು, ಇನ್ನು ಗಣಪತಿಗೆ ಮುಖ ತೋರಿಸಬಹುದು, ಎಂದು ನಗುತ್ತಿದ್ದರು. ಅಮ್ಮ ಗುಂಡುಪಿನ್ನು ಚುಚ್ಚುತ್ತಲೇ ಇದ್ದಳು.

ಮಾರನೆಯ ಬೆಳಿಗ್ಗೆ ಬೋಣಿಗೆ ಬಂದವಳು ಉಮ್ ಸಾಲಿಮಳೇ. ದಿನದ ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದು, ನಷ್ಟವಾದರೂ ಕೊಟ್ಟು ಕಳಿಸಬೇಕು ಎನ್ನುವುದು ಅಪ್ಪನ ವ್ರತ. ಮುದುಕಿ ಒಂದು ಹಸುರು ಬಟ್ಟೆ ಎತ್ತಿಕೊಂಡು ಎಷ್ಟು ಎಂದಳು. ಅಪ್ಪ ಚೀಟಿ ತೋರಿಸಿ, ಮೂರು, ಎಂದರು. ಅವಳು ಅಭ್ಯಾಸದಂತೆ ಎದೆಗೆ ಕೈಯಿಟ್ಟು ದುಬಾರಿ ಎಂದಳು. ಅಪ್ಪ, ಇಲ್ಲ ತಾಯಿ, ಇನ್ನು ಒಂದೇ ಬೆಲೆ, ಹೈಪರಿಗಿಂತ ಕಡಿಮೆ, ಎಂದರು. ಅವಳು ಬಾಗಿಲ ತನಕ ಹೋದಳು. ನಿಂತಳು. ಆಖಿರ್ ಕಮ್? ಮೂರು. ಕಾರಿನ ತನಕ ಹೋದಳು, ತಿರುಗಿ ನೋಡಿದಳು. ಅಪ್ಪ ಬೆವರುತ್ತಿದ್ದರು, ಆದರೆ ಚೀಟಿಯ ಮೇಲಿಟ್ಟ ಬೆರಳು ತೆಗೆಯಲಿಲ್ಲ. ಮುದುಕಿ ಕಾರು ಹತ್ತಿದಳು, ಕಾರು ಹೋಯಿತು. ಹೋದ ವರ್ಷ ಅದೇ ಬಟ್ಟೆಯನ್ನು ಮೂರೂವರೆ ಕೊಟ್ಟು ಗೆದ್ದು ಒಯ್ದವಳು, ಇಂದು ಮೂರಕ್ಕೆ ಸೋತು ಹೋದಳು. ಪರದೆಯ ಹಿಂದಿನಿಂದ ಅಮ್ಮ ಹೊರಗೆ ಬಂದಳು. ಅವಳು ಅಂಗಡಿಯ ಭಾಗಕ್ಕೆ ಬಂದು ನಿಲ್ಲುವುದು ಅಪರೂಪ.

“ಬೋಣಿಯನ್ನೇ ಕಳಿಸಿದ್ರಲ್ಲ! ನೂರು ಬೈಸಾ ಚಿಲ್ಲರೆ ಬಿಟ್ಟಿದ್ರೆ ಎಂತ ಹೋಗ್ತಿತ್ತು?”

“ಚೀಟಿ ಹಾಕಿದ ಮೇಲೆ ಬಿಡ್ಲಿಕ್ಕಾಗ್ತದಾ? ಹೈಪರಿನಲ್ಲಿ ಬಿಡ್ತಾರಾ? ಅಲ್ಲಿ ಯಾರಾದ್ರೂ ಕೇಳ್ತಾರಾ?”

“ಅಲ್ಲಿ ಕೇಳುದಿಲ್ಲ, ಅಲ್ಲಿ ಕೇಳ್ಲಿಕ್ಕೆ ಜನ ಇಲ್ಲ. ಇಲ್ಲಿಗೆ ಅವರು ಬಟ್ಟೆಗೆ ಬರುದಲ್ಲ ಮಾರಾಯ್ರೆ. ನಿಮ್ಮನ್ನು ಸೋಲಿಸ್ಲಿಕ್ಕೆ ಬರುದು. ಆಮೇಲೆ ನನ್ನತ್ರ ಕೂತು ಅದನ್ನು ಹೇಳ್ಲಿಕ್ಕೆ ಬರುದು. ಅದನ್ನೇ ತೆಗೆದು ಬಿಸಾಡಿದ್ರೆ ಉಳಿದದ್ದೆಂತ, ಬರೀ ವಸ್ತ್ರ!”

“ನೀನು ನನಗೆ ವ್ಯಾಪಾರ ಕಲಿಸ್ಬೇಡ.”

ಆ ಮೇಲಿನದ್ದೆಲ್ಲ ತುಳುವಿನಲ್ಲಿ ಆಯಿತು. ಅಮ್ಮ ಒಳಗೆ ಹೋಗಿ, ಇನ್ನೂ ಹನ್ನೊಂದು ಗಂಟೆಯಾಗಿಲ್ಲ, ಬೇಕೆಂದೇ ಬಂಗುಡೆ ಹುರಿದಳು. ಹೊಗೆ ಪರದೆ ದಾಟಿ ಅಂಗಡಿಗೆ ಹೋಯಿತು. ಅಪ್ಪ ಬಂದು ಒಲೆ ಆರಿಸಲಿಲ್ಲ. ನಾನು ಎರಡೂ ಕಿವಿ ಮುಚ್ಚಿಕೊಂಡು ಸುತ್ತಿದ ಹಾಸಿಗೆಯ ಸಂದಿಯಲ್ಲಿ ಕೂತಿದ್ದೆ. ನಮ್ಮ ಮನೆ ಹೋಗುತ್ತದೆ ಎಂದು ಅವತ್ತು ನನಗೆ ಖಚಿತವಾಯಿತು.

ರಮದಾನ್ ಬಂತು. ವರ್ಷದ ಅರ್ಧ ವ್ಯಾಪಾರ ಈದಿನ ಮುಂಚಿನ ಆ ಒಂದು ತಿಂಗಳಲ್ಲಿ. ಮೊದಲ ವಾರ ಬಂದವರೆಲ್ಲ ಚೀಟಿ ಓದಿ, ಆಖಿರ್ ಕಮ್ ಕೇಳಿ, ಅಪ್ಪನ ಮುಖ ನೋಡಿ, ಇವನಿಗೆ ಈಗ ಜಂಬ ಬಂದಿದೆ ಎಂಬಂತೆ ಹೊರಟುಹೋದರು. ಅಪ್ಪನಿಗೆ ಕೊನೆಗೂ ಧೈರ್ಯ ಕೆಟ್ಟಿತು. ಒಂದು ಮಧ್ಯಾಹ್ನ ಎಲ್ಲ ಚೀಟಿಗಳನ್ನು ಕಿತ್ತು ಹಾಕಿದರು. ಅಮ್ಮ ಹಟ ಮರೆತು ಫ್ಲಾಸ್ಕು ತೊಳೆದಳು, ಸೂರ್ಯ ಮುಳುಗಿದ ಮೇಲೆ ಬರುವವರಿಗೆಂದು ಕಾಫಿ ಕಾಯಿಸಿದಳು. ನಾನು ಗಣಪತಿಗೆ ನನ್ನ ಬಳೆ ಕೊಡುತ್ತೇನೆಂದು ಹರಕೆ ಹೇಳಿಕೊಂಡೆ. ಸಂಜೆ ಇಬ್ಬರು ಹೆಂಗಸರು ಬಂದರು. ಅಪ್ಪ ಹಳೆಯ ದನಿಯಲ್ಲಿ, ಹಳೆಯ ನಗುವಿನಲ್ಲಿ, ಐದು ರಿಯಾಲು ಎಂದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ದೊಡ್ಡವಳು ಬೇಸರದಿಂದ, ಹೋದ ವಾರ ನೀನೇ ಮೂರು ಎಂದು ಬರೆದಿದ್ದೆಯಲ್ಲ, ಎಂದಳು. ಅಪ್ಪ ಬಟ್ಟೆಯನ್ನು ಮತ್ತೆ ಮಡಿಸತೊಡಗಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದನ್ನು ಕಣ್ಣಾರೆ ನೋಡಬೇಕಾದರೆ ಅವತ್ತು ಅಪ್ಪನನ್ನು ನೋಡಬೇಕಿತ್ತು. ಅವರ ಮೂರು ಈಗ ಇಡೀ ಸೂಕಿಗೆ ಗೊತ್ತು. ಐದು ಹೇಳಿದರೆ ಕಳ್ಳ, ಮೂರು ಹೇಳಿದರೆ ಅದರಿಂದ ಕೆಳಗೆ ಇಳಿಯಲು ಜಾಗವಿಲ್ಲ. ಆ ಹೆಂಗಸರು ಒಳಗೆ ಬಂದು ಅಮ್ಮನ ಕಾಫಿ ಕುಡಿದರು, ನನ್ನ ತಲೆ ಸವರಿದರು, ಏನೂ ಕೊಳ್ಳದೆ ಹೋದರು. ಈದ್ ಬಂದು ಹೋದಾಗ ಅಟ್ಟದ ತನಕ ಬಟ್ಟೆ ಹಾಗೆಯೇ ಇತ್ತು. ಕಫೀಲ್ ಹಲ್ವಾದ ಡಬ್ಬಿ ಹಿಡಿದುಕೊಂಡು ಬಂದು, ತಿಂಗಳ ಕೊನೆಗೆ ಬೀಗದ ಕೈ ಕೊಟ್ಟರೆ ಸಾಕು, ಎಂದರು.

ಅದೇ ವಾರ ಹೈಪರ್‌ಮಾರ್ಕೆಟಿನ ಮ್ಯಾನೇಜರು ನಮ್ಮ ಅಂಗಡಿಗೆ ಬಂದದ್ದು. ಪಾಲಕ್ಕಾಡಿನ ಕಡೆಯವರು, ಟೈ ಕಟ್ಟಿದ ಸಭ್ಯ ಮನುಷ್ಯ. ಅಪ್ಪ ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿಕೊಂಡು, ಸ್ಟೂಲು ಒರೆಸಿ ಕೊಟ್ಟರು. ಕೆಲಸ ಕೊಡಲು ಬಂದಿದ್ದಾರೆಂದು ಅಪ್ಪ ಅಮ್ಮ ಇಬ್ಬರಿಗೂ ಗೊತ್ತಾಗಿತ್ತು. ಯಾರಿಗೆ ಎಂಬುದಷ್ಟೇ ಅಪ್ಪನಿಗೆ ಗೊತ್ತಿರಲಿಲ್ಲ. ಅವರು ಹಿಂದಿಯಲ್ಲಿ, ನಮ್ಮ ಲೇಡೀಸ್ ಸೆಕ್ಷನ್ನಿಗೆ ಬರುವ ಹೆಂಗಸರೆಲ್ಲ ಉಮ್ ವಾಣಿ ಎಲ್ಲಿ, ಉಮ್ ವಾಣಿ ಯಾಕಿಲ್ಲ ಎಂದು ಕೇಳಿ ಕೇಳಿ ನನಗೆ ಸಾಕಾಗಿದೆ, ಎಂದರು. ಕಂಪನಿಯ ವೀಸಾ, ಇತರ ಹುಡುಗಿಯರ ಜೊತೆ ಫ್ಲ್ಯಾಟಿನಲ್ಲಿ ಒಂದು ಮಂಚ. ಅಪ್ಪನಿಗೆ? ಗಂಡಸರ ಜಾಗ ಭರ್ತಿಯಾಗಿದೆ. ಮಗಳಿಗೆ? ಆ ವೀಸಾದಲ್ಲಿ ಮಕ್ಕಳಿಗೆ ಜಾಗವಿಲ್ಲ. ಅಪ್ಪ ಜನ್ಮಕ್ಕೆ ಅಂಟಿದ ಚಾಳಿಯಂತೆ ಸಂಬಳದ ಚೌಕಾಸಿಗೆ ಇಳಿದರು. ಮ್ಯಾನೇಜರು ಹೇಳಿದ ಇನ್ನೂರು ರಿಯಾಲಿಗೆ ಮುನ್ನೂರು ಎಂದರು. ತಾವೇ ಇಳಿದು ಇನ್ನೂರೈವತ್ತು ಎಂದರು. ಅಂಥವಳು ಇಡೀ ಷರ್ಕಿಯಾ ಸೀಮೆಯಲ್ಲಿ ಸಿಗುವುದಿಲ್ಲ ಎಂದು ಆಣೆ ಹಾಕಿದರು. ಮ್ಯಾನೇಜರು ಮರ್ಯಾದೆಯಿಂದಲೇ, ಅದು ಫಿಕ್ಸ್ ಸಾರ್, ನನ್ನ ಕೈಯಲ್ಲಿಲ್ಲ, ಎಂದರು. ಆಗ ಅಪ್ಪ ದನಿ ತಗ್ಗಿಸಿ ಕೇಳಿದರು:

“ಅವಳಿಗೆ ಕಾಲಿನ ನರಕ್ಕೆ ಬಾವು ಬರ್ತದೆ. ಕೂತ್ಕೊಳ್ಳಿಕ್ಕೆ ಒಂದು ಕುರ್ಚಿ ಉಂಟಾ?”

ಹಿಂದಿಯಲ್ಲಿ ಶುರು ಮಾಡಿದ ಮಾತು ಕನ್ನಡದಲ್ಲಿ ಮುಗಿದಿತ್ತು. ಮ್ಯಾನೇಜರಿಗೆ ಕುರ್ಚಿ ಎಂಬುದಷ್ಟು ಅರ್ಥವಾಗಿರಬೇಕು. ಡ್ಯೂಟಿಯಲ್ಲಿ ಸ್ಟಾಫ್ ಕೂರುವ ಹಾಗಿಲ್ಲ, ಎಂದರು. ಪರದೆಯ ಹಿಂದೆ ಅಮ್ಮ ನನ್ನ ಜಡೆ ಹೆಣೆಯುತ್ತಿದ್ದವಳು ಕೈ ನಿಲ್ಲಿಸಿದ್ದಳು. ಅವರು ಹೋದ ಮೇಲೆ, ನಾನು ಹೋಗುದಿಲ್ಲ, ಸಾಯುದಾದ್ರೂ ಮೂವರೂ ಒಟ್ಟಿಗೆ, ಎಂದಳು. ಎರಡು ದಿನ ಹಾಗೆಯೇ ಹೇಳಿದಳು. ಮೂರನೆಯ ದಿನ ಮೀನು ಕ್ಲೀನ್ ಮಾಡುತ್ತ ತಲೆ ಎತ್ತದೆ ಕೇಳಿದಳು:

“ಊರಲ್ಲಿ ನಿಮಗೆ ಎಂತ ಕೆಲಸ ಉಂಟು?”

“ನೋಡ್ಬೇಕು.”

“ಇವಳ ಫೀಸು?”

ನಾನು ಅಮ್ಮನ ಬೆನ್ನಿಗೆ ಬಿದ್ದು, ನನಗೆ ಶಾಲೆ ಬೇಡ, ಇಂಗ್ಲಿಷು ಬೇಡ, ಹೊರಕೋಣೆ ಸಾಕು, ಎಂದು ಅರಚಿ ಅತ್ತೆ. ಮೀನಿನ ಕೈ ಎಂದು ಅವಳು ನನ್ನನ್ನು ಮುಟ್ಟಲಿಲ್ಲ. ಮೊಣಕೈಯಿಂದ ನನ್ನ ತಲೆಯನ್ನು ಒತ್ತಿ ಹಿಡಿದುಕೊಂಡಳು. ಸಂಜೆ ಅಪ್ಪ ಹೈಪರಿಗೆ ಹೋಗಿ ಹೂಂ ಎಂದು ಬಂದರು.

ಬೇರೆಯವರ ಮನೆಯಲ್ಲಿ ಗಂಡಸು ಗಲ್ಫಿನಲ್ಲಿ ಉಳಿದು ಹೆಂಡತಿ ಮಕ್ಕಳು ಊರಿಗೆ ಹೋಗುತ್ತಾರೆ. ನಮ್ಮಲ್ಲಿ ಉಲ್ಟಾ. ನಾವು ಹೊರಡುವ ದಿನಕ್ಕೆ ಅಮ್ಮ ಕೆಲಸಕ್ಕೆ ಸೇರಿ ನಾಲ್ಕೇ ದಿನ, ರಜೆ ಕೇಳುವಂತಿಲ್ಲ. ಮಧ್ಯಾಹ್ನ ಮಸ್ಕತ್ತಿನ ಬಸ್ಸಿಗೆ ಮೊದಲು ಹೈಪರಿಗೇ ಬನ್ನಿ, ಬ್ರೇಕಿನಲ್ಲಿ ಕೆಳಗಿಳಿದು ಬರುತ್ತೇನೆ, ಎಂದಿದ್ದಳು. ಬಾಗಿಲಲ್ಲಿ ಕಾವಲಿನವನು, ಒಳಗಿನ ಮಾಲು ತುಂಬಿಕೊಳ್ಳದ ಹಾಗೆ, ನಮ್ಮ ಬ್ಯಾಗುಗಳಿಗೆಲ್ಲ ಪ್ಲಾಸ್ಟಿಕ್ ಸುತ್ತಿದ. ಬ್ರೇಕಿನ ಹೊತ್ತು ದಾಟಿದರೂ ಅವಳು ಬರಲಿಲ್ಲ. ನಾವೇ ಮಹಡಿ ಹತ್ತಿ ಹೋಗಿ ನೈಟಿಗಳ ಸಾಲಿನ ಪಕ್ಕ ನಿಂತೆವು. ಅಮ್ಮ ನೀಲಿ ಕೋಟು ಹಾಕಿಕೊಂಡು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಮದುವೆ ನಿಶ್ಚಯವಾದ ಒಬ್ಬಳು ಹುಡುಗಿಯ ಲಂಗದ ಅಂಚು ಮಡಿಸುತ್ತಿದ್ದಳು. ಹುಡುಗಿಯ ತಾಯಿ, ಅತ್ತೆ, ಅಕ್ಕ ಸುತ್ತ ನಿಂತಿದ್ದರು. ಸ್ವಲ್ಪ ದೂರದಲ್ಲಿ ಒಬ್ಬ ಸೂಪರ್‌ವೈಸರು ಕೈಕಟ್ಟಿ ನೋಡುತ್ತಿದ್ದ. ಅಮ್ಮ ನಮ್ಮನ್ನು ಕಂಡಳು. ಕಣ್ಣು ಒಮ್ಮೆ ಅಗಲವಾಯಿತು, ಸೂಪರ್‌ವೈಸರನ ಕಡೆ ಹೋಯಿತು, ಮತ್ತೆ ಅಂಚಿಗೆ ಇಳಿಯಿತು. ನನ್ನ ಬಾಯಿಂದ ಅಮ್ಮಾ ಎಂಬುದು ಅರ್ಧ ಹೊರಟಿತ್ತು. ಅಪ್ಪ ನನ್ನ ಭುಜ ಹಿಡಿದರು.

“ಗಿರಾಕಿ ಇದ್ದಾರೆ. ಕರೀಬೇಡ.”

ನಾವು ನಿಂತೆವು. ಹುಡುಗಿ ಆ ಉಡುಪು ಬೇಡವೆಂದಳು, ಇನ್ನೊಂದು ತಂದರು. ಅದರ ತೋಳು ಬಿಗಿ. ಮತ್ತೊಂದು ತಂದರು. ಅಪ್ಪ ಆ ಬಟ್ಟೆಗಳನ್ನು ನೋಡುತ್ತಿದ್ದರು, ನಾನು ಅಮ್ಮನನ್ನು. ಬಸ್ಸಿನ ಹೊತ್ತಾಯಿತು. ಅಪ್ಪ ನನ್ನನ್ನು ತಿರುಗಿಸಿ ನಡೆಸಿಕೊಂಡು ಹೊರಟರು. ಚಲಿಸುವ ಮೆಟ್ಟಿಲಿನ ಹತ್ತಿರ ಬಂದಾಗ ಹಿಂದಿನಿಂದ ಅಮ್ಮನ ದನಿ ಕೇಳಿಸಿ, ಕೂಗಿದಳು ಎಂದುಕೊಂಡು ನಾನು ಕೈ ಬಿಡಿಸಿಕೊಂಡು ತಿರುಗಿದೆ. ಅವಳು ನೆಲದ ಮೇಲೆ ಮೊಣಕಾಲೂರಿ, ಮುಖವೆತ್ತಿ, ನನಗೆ ಬಹಳ ಚೆನ್ನಾಗಿ ಗೊತ್ತಿದ್ದ ನಗು ನಗುತ್ತ ಆ ಹುಡುಗಿಗೆ ಅರಬಿಯಲ್ಲಿ ಹೇಳುತ್ತಿದ್ದಳು: ನಿಧಾನವಾಗಿ ನೋಡಮ್ಮ, ಅವಸರವೇನಿಲ್ಲ, ನಾನು ಇಲ್ಲೇ ಇರುತ್ತೇನೆ.